ಅಕ್ಕಯಮ್ಮನವರು ಎದ್ದು ನಡೆದದ್ದು

ಹಲಸೂರು, ೧೯ ಜುಲೈ ೨೦೨೫

ಜಸಿಂತಾ ಮೇಡಂ ಅವರಿಗೆ,

ವೃದ್ಧರ ವಾರ್ಡಿನಲ್ಲಿ ನನ್ನ ಮೊದಲ ವಾರ ಇಂದು ಮುಗಿಯಿತು. ಅಮ್ಮನ ಆಸೆಯಂತೆ ನಾನು ಮಕ್ಕಳ ವಾರ್ಡು ಕೇಳಿದಾಗ ನೀವು, "ಒಂದು ವಾರ ನೋಡಮ್ಮ, ಆಮೇಲೆ ಹೇಳು" ಎಂದಿದ್ದಿರಿ.

ಸೊಂಟದ ಆಪರೇಷನ್ ಆಗಿರುವ ಮಹದೇವಪುರದ ಅಕ್ಕಯಮ್ಮನವರು ಯಾರು ಕರೆದರೂ ನಡೆಯಲು ಏಳುತ್ತಿರಲಿಲ್ಲ. ಇಂದು ಅವರನ್ನು ಹಿಡಿದುಕೊಳ್ಳಲು ಹೋದಾಗ ನನ್ನ ಕೈಯೇ ನಡುಗಿತು. "ಹೆದರ್ಕೊಬ್ಯಾಡ ಕಣಮ್ಮಿ, ನಾನ್ ಹಿಡ್ಕೊಂತೀನಿ ಬಾ" ಎಂದು ಎದ್ದರು. ಕಿಟಕಿಯವರೆಗೆ ನಡೆದರು. ಪಕ್ಕದ ಹಾಸಿಗೆಯವರಿಗೆ, "ಈ ಹುಡ್ಗೀಗೆ ನಡೆಯೋದ್ ಕಲಿಸ್ತಾ ಇವ್ನಿ" ಎಂದರು.

ರೋಗಿಗೆ ನಾವು ಧೈರ್ಯ ತುಂಬಬೇಕೆಂದು ಕಲಿತಿದ್ದೆ. ಮುಂದೆ ನನ್ನ ಕೈ ನಡುಗದಿದ್ದರೆ ಅವರು ಏಳುತ್ತಾರೋ ಇಲ್ಲವೋ ತಿಳಿಯುತ್ತಿಲ್ಲ.

ಸೋಮವಾರ ದಯವಿಟ್ಟು ಅವರನ್ನು ಬೇರೆ ವಿದ್ಯಾರ್ಥಿನಿಗೆ ವಹಿಸಬೇಡಿ. ಇಲ್ಲೇ ಉಳಿಯಲು ನಿರ್ಧರಿಸಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಸಂಘಮಿತ್ರಾ