ದೀಪದ ಮೇಲೆ ಕಪ್ಪು ಟೇಪು

ಕಾಕ್ಕನಾಡು, ಕೊಚ್ಚಿ
ಭಾನುವಾರ ಮಧ್ಯಾಹ್ನ

ನನ್ನ ಹಠಮಾರಿ ಯಜಮಾನರಿಗೆ, ಜೈ ಜಿನೇಂದ್ರ.

ಇಲ್ಲಿ ಮಗಳು ಮಹತಿ ಕ್ಷೇಮ, ಅವಳ ಮಗು ಕ್ಷೇಮ, ನಿಮ್ಮ ಕಾರು ಕೂಡ ಈಗ ಕ್ಷೇಮ. ನಿಮ್ಮ ಕ್ಷೇಮದ ವಿಚಾರವಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ದಿನಕ್ಕೆರಡು ಸಲ ಫೋನಿನಲ್ಲಿ ಮಾತಾಡುವವರಿಗೆ ಪತ್ರ ಯಾಕೆ ಎಂದು ಈಗಾಗಲೇ ಹುಬ್ಬು ಏರಿಸಿರುತ್ತೀರಿ. ಫೋನಿನಲ್ಲಿ ನಾನು ನಿಮ್ಮ ಎದೆಯ ಮಾತೆತ್ತುವಷ್ಟರಲ್ಲಿ ನೀವು ಕಾರಿನ ಮೈಲೇಜು ಕೇಳುತ್ತೀರಿ. ಬಾಯಲ್ಲಿ ಹೇಳಿದ ದೂರಿಗೆ ನಿಮ್ಮ ಸಂಸ್ಥೆಯಲ್ಲಿ ಬೆಲೆಯೇ ಇರಲಿಲ್ಲ, ಬರೆದುಕೊಟ್ಟರೆ ಮಾತ್ರ ಉತ್ತರ ಕೊಡಬೇಕಿತ್ತು ಎಂದು ನೀವೇ ಎಷ್ಟು ಸಲ ಹೇಳಿಲ್ಲ? ಸರಿ, ತಗೊಳ್ಳಿ. ಬರೆದುಕೊಟ್ಟಿದ್ದೇನೆ.

ಇದನ್ನು ತಂದುಕೊಟ್ಟ ಅಳಿಯ ಆಶಿಶ್ ಈಗ ನಿಮ್ಮ ಎದುರಿಗೇ ಕೂತಿರಬೇಕು. ಕಾಫಿ ಮಾಡುತ್ತೇನೆಂದು ಏಳಬೇಡಿ. ಅವನು ರೈಲಿನಲ್ಲೇ ಕುಡಿದು ಬಂದಿರುತ್ತಾನೆ. ನೀವು ಪೂರ್ತಿ ಓದಿ.

ಮೊದಲು ಕಾರಿನ ಕಥೆ ಹೇಳುತ್ತೇನೆ. ಅದಿಲ್ಲದಿದ್ದರೆ ಮುಂದಿನದ್ದಕ್ಕೆ ನೀವು ಕಿವಿಗೊಡುವುದಿಲ್ಲ ಎಂದು ನನಗೆ ಗೊತ್ತು. ಮಗುವಿನ ತೊಟ್ಟಿಲು, ಹಾಸಿಗೆ, ಬಾಣಂತಿಗೆ ನಾನು ಮಾಡಿದ ಲೇಹದ ಡಬ್ಬಿಗಳು, ಇಷ್ಟನ್ನೂ ಆ ಮುದಿ ಕಾರಿನಲ್ಲಿ ತುಂಬಿಕೊಂಡು ನಾವಿಬ್ಬರೂ ತಿರುವನಂತಪುರದಿಂದ ಬಂದೆವಲ್ಲ. ನಾಮಕರಣ ಮುಗಿದದ್ದೇ ತಡ, ತಾರಸಿಯ ಗಿಡಗಳು ಒಣಗುತ್ತವೆ ಎಂಬ ನೆಪ ಹೇಳಿ ನೀವು ರೈಲು ಹತ್ತಿದಿರಿ. ಕಾರನ್ನೂ ಅದರ ಹೊಗೆ ಪರೀಕ್ಷೆಯನ್ನೂ ನನ್ನ ತಲೆಗೆ ಕಟ್ಟಿದಿರಿ. ನಾನು ಪೆಟ್ರೋಲ್ ಬಂಕಿನ ಪಕ್ಕದ ಪರೀಕ್ಷೆಯ ಗೂಡಿಗೆ ಹೋದೆ. ಹೊಗೆ ಕೊಳವೆಯೊಳಗೆ ಕಡ್ಡಿ ತೂರಿಸಿ ನೋಡಿದವರು "ಚೇಚ್ಚಿ, ವಂಡಿ ಪಾಸ್ಸಾಯಿಲ್ಲ" ಎಂದರು, ಅಕ್ಕಾ, ಗಾಡಿ ಪಾಸಾಗಲಿಲ್ಲ ಎಂದು. ವಿಷದ ಗಾಳಿ ಇರಬೇಕಾದ್ದಕ್ಕಿಂತ ಹೆಚ್ಚಿತ್ತಂತೆ. ನಿಮಗೆ ಫೋನ್ ಮಾಡಿದರೆ ಕ್ಷಣವೂ ಯೋಚಿಸದೆ ಹೇಳಿದಿರಿ: "ಸೆನ್ಸರ್ ಹೋಗಿರತ್ತೆ ಸುಮಿತ್ರ. ಹೊಸದು ಹಾಕ್ಸು."

ಅದು ಮೂರನೆಯದಾಗುತ್ತಿತ್ತು. ಹಿಂದಿನ ಎರಡನ್ನು ನೀವೇ ಕಾರಿನಡಿ ಮಲಗಿ, ಮೈಯೆಲ್ಲ ಮಸಿ ಮಾಡಿಕೊಂಡು, ಹಬ್ಬದ ಉತ್ಸಾಹದಲ್ಲಿ ಬದಲಾಯಿಸಿದ್ದಿರಿ. ಆ ಬೆರಳುದ್ದದ ಸೆನ್ಸರನ್ನು ಅಡುಗೆಮನೆಗೆ ತಂದು ನನಗೆ ಪಾಠ ಹೇಳಿದ್ದು ನೆನಪಿದೆ. ಎಂಜಿನ್ನು ಉರಿಸಿ ಬಿಟ್ಟ ಹೊಗೆಯಲ್ಲಿ ಇನ್ನೂ ಎಷ್ಟು ಆಮ್ಲಜನಕ ಉಳಿದಿದೆ ಎಂದು ಇದು ಮೂಸಿ ನೋಡುತ್ತದೆ, ಕಾರಿನ ಕಂಪ್ಯೂಟರಿಗೆ ಹೇಳುತ್ತದೆ, ಅದು ಪೆಟ್ರೋಲು ಹೆಚ್ಚು ಕಡಿಮೆ ಮಾಡುತ್ತದೆ ಎಂದಿರಿ. ನನ್ನ ಅಜ್ಜಿ ಉರಿಯ ಬಣ್ಣ ನೋಡಿ ಸೌದೆಯನ್ನು ಹಿಂದೆ ಮುಂದೆ ಎಳೆಯುತ್ತಿದ್ದ ಹಾಗೆ ಎಂದು ನಾನು ಹೇಳಿದಾಗ ನಿಮಗೆ ಎಷ್ಟು ಖುಷಿಯಾಯಿತು! ಆ ದಿನವಿಡೀ ಫೋನಿನಲ್ಲಿ ಎಲ್ಲರಿಗೂ ನಮ್ಮ ಅಜ್ಜಿಯ ಉದಾಹರಣೆಯನ್ನೇ ಕೊಟ್ಟಿರಿ.

ನಿಮ್ಮದು ತಪ್ಪಲ್ಲ. ಕೆಲಸ ಕಲಿಸಿದ ಬುದ್ಧಿ ಅದು. ರಾಕೆಟ್ ಎಂಜಿನ್ನಿನ ಪರೀಕ್ಷೆ ನಡೆಯುವಾಗ ಸೆನ್ಸರುಗಳಲ್ಲಿ ಯಾವುದು ಸತ್ಯ ಹೇಳುತ್ತಿದೆ, ಯಾವುದು ಸುಳ್ಳು ಎಂದು ಹುಡುಕುವುದರಲ್ಲೇ ನಿಮ್ಮ ನೌಕರಿ ಕಳೆಯಿತು. ಒಂದು ಜಾಗಕ್ಕೆ ಮೂರು ಸೆನ್ಸರ್ ಇಟ್ಟು, ಎರಡು ಒಪ್ಪಿದ್ದನ್ನು ನಂಬಬೇಕು. ವಿಚಿತ್ರ ಅಂಕಿ ಕಂಡರೆ "ಮೊದ್ಲು ಸೆನ್ಸರ್ ಸರಿಯಾಗಿದ್ಯಾ ನೋಡು, ಆಮೇಲೆ ಗಾಬರಿ ಪಡು" ಎನ್ನುತ್ತಿದ್ದಿರಿ. ಮನೆಯಲ್ಲೂ ಅದೇ ಕಾನೂನು. ಮಹತಿ ಚಿಕ್ಕವಳಿದ್ದಾಗ ಜ್ವರ ಬಂದರೆ ನಮ್ಮ ಮನೆಯಲ್ಲಿ ಮೂರು ಥರ್ಮಾಮೀಟರ್. ಮಗು ಕೆಂಡದಂತೆ ಸುಡುತ್ತಿದ್ದರೂ ಎರಡು ಒಪ್ಪುವ ತನಕ ನಿಮ್ಮ ಪಾಲಿಗೆ ಜ್ವರವಿಲ್ಲ.

ಎರಡನೆಯ ಸೆನ್ಸರ್ ಹಾಕಿದ ಮೇಲೂ ಎಂಜಿನ್ನಿನ ತೊಂದರೆ ತೋರಿಸುವ ಹಳದಿ ದೀಪ ಆರಲಿಲ್ಲ. ಆಗ ನೀವು ಮಾಡಿದ್ದೇನು? ದೀಪದ ಮೇಲೆ ಕಪ್ಪು ಟೇಪು ಅಂಟಿಸಿದಿರಿ. ಕಣ್ಣಿಗೆ ಹೊಡೆಯುತ್ತದೆ ಎಂದಿರಿ. ಇಷ್ಟು ದೊಡ್ಡ ವಿಜ್ಞಾನಿ! ನಾನು ನಕ್ಕೆ. ನಗಬಾರದಿತ್ತು ಎಂದು ಈಗ ಅನ್ನಿಸುತ್ತಿದೆ.

ಬೆಳಿಗ್ಗೆ ಶಾಲೆಗೆ ಹೊರಡಲು ಕಾರು ಸ್ಟಾರ್ಟ್ ಮಾಡಿದಾಗ ಮುಂದಿನಿಂದ ಟಿಕ್ ಟಿಕ್ ಎಂದು ಶಬ್ದ ಬರುತ್ತದೆ ಎಂದು ನಾನು ಎಷ್ಟು ತಿಂಗಳಿಂದ ಹೇಳುತ್ತಿದ್ದೆ. ನೀವು ಕನ್ನಡಕ ಹುಡುಕಿ, ಬನಿಯನ್ ಮೇಲೆ ಅಂಗಿ ಹಾಕಿ, ನಿಮ್ಮ ಮೀಟರ್ ಹಿಡಿದು ಹೊರಗೆ ಬರುವಷ್ಟರಲ್ಲಿ ಎಂಜಿನ್ನು ಬಿಸಿಯಾಗಿ ಶಬ್ದ ನಿಂತಿರುತ್ತಿತ್ತು. "ಎಲ್ಲಿ? ಏನೂ ಇಲ್ವಲ್ಲ" ಎಂದು ಒಳಗೆ ಹೋಗುತ್ತಿದ್ದಿರಿ. ಮಕ್ಕಳಿಗೆ ಗಣಿತ ಕಲಿಸಿದವಳ ಕಿವಿಗೆ ಮೂರರಲ್ಲಿ ಒಂದು ಓಟು ಕೂಡ ಸಿಗಲಿಲ್ಲ.

ಹಾಗಾಗಿ ಈ ಸಲ ನಿಮ್ಮ ಮಾತು ಕೇಳಲಿಲ್ಲ. ಕಳಮಶ್ಶೇರಿಯಲ್ಲಿ ಜುಬೈದಾ ಎಂಬ ಹುಡುಗಿ ವರ್ಕ್‌ಶಾಪ್ ಇಟ್ಟಿದ್ದಾಳೆ. ಕನ್ನಡ ನಾಡಿನ ಗಡಿಯ ಉಪ್ಪಳದವಳು, ಇಲ್ಲೇ ಎಂಜಿನಿಯರಿಂಗ್ ಓದಿದವಳು, ಮಹತಿಯ ಗೆಳತಿ. ಅವಳ ಕನ್ನಡ ಕೇಳಿ ನನಗೆ ಅರ್ಧ ಕಾರು ರಿಪೇರಿಯಾದಷ್ಟು ಸಮಾಧಾನವಾಯಿತು. ಶಬ್ದ ಬರುವುದು ತಣ್ಣಗಿರುವಾಗ ಮಾತ್ರ ಎಂದು ನಾನು ಹೇಳಿದೆ. ಅವಳು ಮೀಟರನ್ನೂ ಮುಟ್ಟಲಿಲ್ಲ. "ಹಾಗಾದ್ರೆ ಕಾರು ಇಲ್ಲೇ ಇರ್ಲಿ ಆಂಟಿ. ನಾಳೆ ಬೆಳಿಗ್ಗೆ ನೀವು ಬಂದ ಮೇಲೆಯೇ ಸ್ಟಾರ್ಟ್ ಮಾಡುವ" ಎಂದಳು. ಮೆಟ್ರೋ ಹತ್ತಿ ಮನೆ ಕಡೆ ಬಂದೆ, ಮರುದಿನ ಮತ್ತೆ ಹೋದೆ. ಎಂಜಿನ್ನಿಗೆ ಹೊಗೆ ಕೊಳವೆ ಸೇರುವ ಜಾಗಕ್ಕೆ ಅವಳು ಸೋಪಿನ ನೀರು ಬಳಿದಳು. ನಾನು ಕೀ ತಿರುಗಿಸಿದೆ. ಟಿಕ್ ಟಿಕ್ ಶುರುವಾಯಿತು, ಜೊತೆಗೆ ಆ ಸಂದಿಯಲ್ಲಿ ನೊರೆಗುಳ್ಳೆ ಏಳತೊಡಗಿತು. ಕೂದಲೆಳೆಯಂಥ ಬಿರುಕು. ಸುತ್ತ ಮಸಿಯ ಗೆರೆ ಬೇರೆ. ಸ್ವಲ್ಪ ಹೊತ್ತಿಗೆ ಲೋಹ ಬಿಸಿಯಾಗಿ ಹಿಗ್ಗಿತು, ಗುಳ್ಳೆ ಕಡಿಮೆಯಾಯಿತು, ಶಬ್ದ ನಿಂತಿತು.

"ನಿಮ್ಮ ಸೆನ್ಸರಿಗೆ ಏನೂ ಆಗ್ಲಿಲ್ಲ ಆಂಟಿ," ಎಂದಳು ಜುಬೈದಾ. "ಹೊಗೆ ಹೊರಗೆ ಬರುವ ಬಿರುಕಿನಿಂದಲೇ ನಡುನಡುವೆ ಹೊರಗಿನ ಗಾಳಿಯೂ ಒಳಗೆ ಹೋಗ್ತಾ ಉಂಟು. ಗಾಳಿ ಹೆಚ್ಚಾಗಿದೆ ಅಂತ ಅದು ಸರಿಯಾಗಿಯೇ ಹೇಳಿದೆ. ಅದನ್ನು ನಂಬಿ ಕಂಪ್ಯೂಟರ್ ಸುಮ್ಮನೆ ಪೆಟ್ರೋಲ್ ಸುರಿದಿದೆ, ಅಷ್ಟೇ."

ಹೊಗೆ ಕೆಟ್ಟದ್ದೂ, ಮೈಲೇಜು ಇಳಿದದ್ದೂ ಅದಕ್ಕೇ. ನೀವು ಕಿತ್ತು ಬಿಸಾಡಿದ ಎರಡೂ ಸೆನ್ಸರುಗಳು ಸತ್ಯವನ್ನೇ ಹೇಳಿದ್ದವು ಪಾಪ. ಈಗ ಆ ಕೊಳವೆ ಬದಲಾಗಿದೆ, ಸಂದಿಗೆ ಇಡುವ ಗ್ಯಾಸ್ಕೆಟ್ ಹೊಸದು, ಹೊಗೆ ಪರೀಕ್ಷೆಯೂ ಪಾಸು. ನಿಮಗೆ ಖುಷಿಯಾಗುವ ಇನ್ನೆರಡು ಮಾತು ಬರೆಯುತ್ತೇನೆ: ಹಳೆಯ ಕಾರಿನಲ್ಲಿ ಸೆನ್ಸರಿನ ವೈರು ಬಿಸಿ ಕೊಳವೆಗೆ ತಾಗದ ಹಾಗೆ ಆಗಾಗ ನೋಡಿಕೊಳ್ಳಬೇಕಂತೆ. ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಗೋಂದನ್ನು ಅದರ ಹತ್ತಿರ ಮೆತ್ತಲೇಬಾರದಂತೆ, ಸೆನ್ಸರ್ ಕೆಟ್ಟುಹೋಗುತ್ತದಂತೆ. ನೀವು ಮೆತ್ತಿದ್ದನ್ನು ಜುಬೈದಾ ನೋಡಿದಳು. ಯಾರು ಮಾಡಿದ್ದು ಎಂದು ಕೇಳಿದಾಗ ಗೊತ್ತಿಲ್ಲ ಎಂದುಬಿಟ್ಟೆ. ನಿಮ್ಮ ಮಾನ ಉಳಿಸಿದ್ದೇನೆ. ಟೇಪನ್ನೂ ಅವಳು ಉಗುರಿನಿಂದ ಬಿಡಿಸಿ ತೆಗೆದಳು.

ಹೊರಡುವಾಗ ನಾನು ಸುಮ್ಮನಿರಲಾರದೆ ಕೇಳಿದೆ, ಬಿಸಿಯಾದ ಮೇಲೆ ಸರಿಹೋಗುತ್ತಿತ್ತಲ್ಲ, ಹಾಗೇ ಓಡಿಸಿದ್ದರೆ ಏನಾಗುತ್ತಿತ್ತು ಎಂದು. ಅವಳು ಕೈ ಒರೆಸಿಕೊಳ್ಳುತ್ತಾ ಹೇಳಿದಳು: "ಬಿಸಿಯಾದ್ರೆ ಶಬ್ದ ಹೋಗ್ತದೆ. ಬಿರುಕು ಹೋಗುದಿಲ್ಲ ಆಂಟಿ."

ಆ ಮಾತು ಕೇಳುತ್ತಲೇ ಕಣ್ಣ ಮುಂದೆ ಬಂದದ್ದು ತಿರುವನಂತಪುರದ ಚಾಲೈ ಪೇಟೆ ಬೀದಿ.

ಪ್ರತಿ ಶನಿವಾರ ಚಾಲೈಗೆ ಹೋದಾಗ ಕಾರು ನಿಲ್ಲಿಸಿ ಸ್ವಲ್ಪ ದೂರ ನಡೆಯುತ್ತಲೇ ನೀವು ಆ ಪಾತ್ರೆ ಅಂಗಡಿಯ ಮುಂದೆ ನಿಲ್ಲುತ್ತೀರಿ. ನಮಗೆ ಬೇಡವೇ ಬೇಡದ ಹಿತ್ತಾಳೆ ಕೊಳಗದ ಬೆಲೆ ಕೇಳುತ್ತೀರಿ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಹಣೆಯಲ್ಲಿ ಬೆವರು. ಅಂಗಡಿಯವನಿಗೂ ರೂಢಿಯಾಗಿ ಹೋಗಿದೆ. "ಸಾರೇ, ಇನ್ನೆಂಗಿಲುಂ ಎಡುಕ್ಕುಮೋ?" ಎನ್ನುತ್ತಾನೆ, ಇವತ್ತಾದರೂ ತೆಗೆದುಕೊಳ್ಳುತ್ತೀರಾ ಎಂದು. ನೀವು ನಗುತ್ತೀರಿ. ಆಮೇಲೆ ನಡೆಯತೊಡಗಿದರೆ ಇಡೀ ಬೀದಿ ಸುತ್ತುತ್ತೀರಿ, ಚೀಲ ನನ್ನ ಕೈಯಿಂದ ಕಿತ್ತುಕೊಳ್ಳುತ್ತೀರಿ. ಏನಾಯಿತು ಎಂದರೆ "ಗ್ಯಾಸು, ನಡೆದ್ರೆ ಹೋಗತ್ತೆ" ಎನ್ನುತ್ತೀರಿ. ನಡೆದರೆ ಹೋಗುತ್ತದೆ, ನಿಜ. ಪ್ರತಿ ಸಲ ಹೊರಟ ಮೊದಲಿಗೇ ಯಾಕೆ ಬರುತ್ತದೆ ಎಂದು ನೀವು ಕೇಳಿಕೊಂಡಿಲ್ಲ. ನಾನೂ ಕೇಳಲಿಲ್ಲ, ನೀವು ಚೀಲ ಹೊತ್ತು ನನಗಿಂತ ಮುಂದೆ ನಡೆಯುವುದನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಅವತ್ತು ವರ್ಕ್‌ಶಾಪಿನಿಂದ ಬಂದವಳೇ ಆಶಿಶ್ ಹತ್ತಿರ ಈ ಮಾತು ಎತ್ತಿದೆ. ಮಹತಿಗೆ ಹೇಳಿಲ್ಲ, ಹಸಿ ಬಾಣಂತಿ. ಅವನು ಬೆಳಗಾವಿಯವನಲ್ಲವೇ, ಒಳಗೆ ಒಂದು ಹೊರಗೆ ಒಂದು ಇಟ್ಟುಕೊಳ್ಳಲು ಬರುವುದಿಲ್ಲ. ಆದರೂ ಮೊದಲು ಮಗುವಿನ ಕಾಲ್ಚೀಲಗಳನ್ನೆಲ್ಲ ಮಡಚಿಟ್ಟ. ಆಮೇಲೆ ಹೇಳಿದ: "ಅತ್ತಿ, ಅವತ್ತ ಒಣಶುಂಠಿ ತರಾಕ ನಾನೂ ಮಾವಾರೂ ಮಟ್ಟಾಂಚೇರಿ ಪ್ಯಾಟಿಗೆ ಹೋಗಿದ್ವಲ್ಲಾ, ಬಸ್ಸಿಳದು ನಾಕ ಹೆಜ್ಜಿ ಹಾಕಿದ್ವಿ, ಮಾವಾರು ಗೋಡಿ ಹಿಡಕೊಂಡು ನಿಂತಬಿಟ್ರು. ಯಾಕ್ರಿ ಅಂದ್ರ, ಲವಂಗದ ವಾಸನಿ ಎಷ್ಟ ಛಲೋ ಐತಿ ನೋಡು ಅಂದ್ರು. ಅತ್ತೀಗೆ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡ್ರು."

ಲವಂಗದ ವಾಸನೆಯಂತೆ! ನಿಮಗೆ ಸುಳ್ಳು ಹೇಳಲು ಎಂದೂ ಬಂದಿಲ್ಲ. ಎಲ್ಲ ಸುಳ್ಳಿಗೂ ನಿಮಗೆ ಒಂದು ಅಂಗಡಿ ಬೇಕು.

ಈಗ ಲೆಕ್ಕ ನೋಡಿ. ಈ ವಿಷಯದಲ್ಲಿ ಸೆನ್ಸರುಗಳು ಮೂರು: ನೀವು, ನಾನು, ಆಶಿಶ್. ನೀವು ಏನೂ ಇಲ್ಲ ಎನ್ನುತ್ತೀರಿ. ನಾನು ತಿರುವನಂತಪುರದಲ್ಲಿ ನೋಡಿದ್ದನ್ನೇ ಅವನು ಕೊಚ್ಚಿಯಲ್ಲಿ ನೋಡಿದ್ದಾನೆ, ಒಬ್ಬರನ್ನೊಬ್ಬರು ಕೇಳದೆ. ಮೂರರಲ್ಲಿ ಎರಡು. ಕಾನೂನು ನಿಮ್ಮದೇ.

ಹೋದ ಸಲದ ತಪಾಸಣೆಯಲ್ಲಿ ಇಸಿಜಿ ಸರಿ ಬಂದಿದೆಯಲ್ಲ ಎನ್ನುತ್ತೀರಿ. ಬಂದಿದೆ. ಅದನ್ನು ತೆಗೆದದ್ದು ನೀವು ಆರಾಮಾಗಿ ಮಲಗಿ, ಟೆಕ್ನಿಶಿಯನ್ ಜೊತೆ ಯಂತ್ರದ ಬಗ್ಗೆ ಹರಟೆ ಹೊಡೆಯುತ್ತಿದ್ದಾಗ. ಆ ಹೊತ್ತಿನಲ್ಲಿ ನಿಮಗೆ ಯಾವ ನೋವೂ ಇರಲಿಲ್ಲ. ಬಿಪಿ ನೋಡಲು ಮೂರು ಯಂತ್ರ ತಂದಿರಿ, ಕೈಗಡಿಯಾರ ನಾಡಿ ಹೆಚ್ಚು ತೋರಿಸಿತೆಂದು ಗಡಿಯಾರವನ್ನೇ ಬದಲಾಯಿಸಿದಿರಿ. ಡಾಕ್ಟರಿಗೆ ಮಾತ್ರ ಹೊರಟ ಮೊದಲ ನಾಲ್ಕು ಹೆಜ್ಜೆಯ ವಿಷಯ ಹೇಳಿಲ್ಲ. ಕೇಳಿದರೆ, ಅದು ಅವರು ಕೇಳಿದ ಪ್ರಶ್ನೆಯಲ್ಲ ಎನ್ನುತ್ತೀರಿ.

ನಿಮಗೆ ಹೇಳಿದ ಹಾಗೆ ಆಶಿಶ್‌ಗೆ ತಿರುವನಂತಪುರದಲ್ಲಿ ಯಾವ ಆಫೀಸ್ ಕೆಲಸವೂ ಇಲ್ಲ. ರಜೆ ಹಾಕಿ ಬಂದಿದ್ದಾನೆ. ಮೆಡಿಕಲ್ ಕಾಲೇಜಿನ ಹತ್ತಿರದ ಹೃದಯದ ಡಾಕ್ಟರನ್ನು ನೋಡಲು ಸೋಮವಾರಕ್ಕೆ, ಅಂದರೆ ನೀವು ಇದನ್ನು ಓದುವ ದಿನಕ್ಕೇ, ಸಮಯ ಪಡೆದಿದ್ದೇವೆ. ನಡೆಸಿ ನೋಡುವ ಪರೀಕ್ಷೆ ಮಾಡಬೇಕೋ, ಬೇರೆ ಏನಾದರೂ ಮಾಡಬೇಕೋ ಅವರೇ ಹೇಳಲಿ. ಹೆಂಡತಿಯ ಮಾತು ತೆಗೆದುಹಾಕುವುದು ನಿಮಗೆ ಅಭ್ಯಾಸ. ಆದರೆ ನಮ್ಮ ಮನೆತನದಲ್ಲಿ ಬಾಗಿಲಿಗೆ ಬಂದ ಅಳಿಯ ಬಾಯಿಬಿಟ್ಟು ಕೇಳಿದರೆ ಇಲ್ಲವೆಂದ ಮಾವ ಇಲ್ಲ. ಅದಕ್ಕೇ ಅವನನ್ನು ಕಳಿಸಿದ್ದು. ಹೌದು, ಉಪಾಯವೇ. ಬೇಕಾದರೆ ಆಮೇಲೆ ಬೈಯಿರಿ.

ನೀನೇ ಯಾಕೆ ಬರಲಿಲ್ಲ ಎಂದರೆ, ನಾನು ಎದುರಿಗಿದ್ದರೆ ಜಗಳವಾಗುತ್ತದೆ. ಜಗಳ ಮುಗಿಯುವಷ್ಟರಲ್ಲಿ ಡಾಕ್ಟರು ಊಟಕ್ಕೆ ಎದ್ದಿರುತ್ತಾರೆ. ಆಶಿಶನ ಅಮ್ಮ ಬಂದಿದ್ದಾರೆ, ಬಾಣಂತಿಯನ್ನು ನೋಡಿಕೊಳ್ಳುತ್ತಾರೆ. ನೀವು ಇದನ್ನು ಓದುವ ಹೊತ್ತಿಗೆ ನಾನು ಕಾರು ಓಡಿಸಿಕೊಂಡು ಆಲಪ್ಪುಳ ದಾಟಿರುತ್ತೇನೆ. ನೇರ ಆಸ್ಪತ್ರೆಗೇ ಬರುತ್ತೇನೆ.

ಇಷ್ಟು ಹೊತ್ತು ತಮಾಷೆ ಮಾಡಿದೆ. ಇನ್ನು ಆಗುವುದಿಲ್ಲ. ನನಗೆ ಭಯವಾಗಿದೆ. ಮಗುವನ್ನು ಎತ್ತಿಕೊಂಡಾಗಲೆಲ್ಲ ಇದು ನಿಮ್ಮ ಕೈಯಲ್ಲಿ ಬೆಳೆಯಬೇಕು ಎಂದು ಆಸೆಯಾಗುತ್ತದೆ. ಕನ್ನಡ ಮಾತಾಡುವವರಿಲ್ಲದ ಊರಿಗೆ ನೀವು ನನ್ನನ್ನು ಕರೆತಂದಾಗ, ನಾನಿದ್ದೇನಲ್ಲ, ಇಬ್ಬರಿದ್ದರೆ ಒಂದು ಊರಾಯಿತು ಎಂದಿದ್ದಿರಿ. ನೀವಿಲ್ಲದೆ ಆ ಮನೆಯಲ್ಲಿ ನಾನು ಯಾವ ಭಾಷೆಯಲ್ಲಿ ಮಾತಾಡಲಿ? ನಿಮ್ಮನ್ನು ಎಷ್ಟು ಪ್ರೀತಿಸುತ್ತೇನೆಂದು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಇದೂ ಬರವಣಿಗೆಯಲ್ಲೇ ಇರಲಿ.

ನನ್ನ ಊಹೆ ಸುಳ್ಳಾಗಿರಬಹುದು. ಬರೀ ಗ್ಯಾಸೇ ಆಗಿರಬಹುದು. ಈ ಮೂವತ್ತು ವರ್ಷ ನಿಮ್ಮ ಜೊತೆ ಮಾಡಿದ ವಾದವನ್ನೆಲ್ಲ ಗೆಲ್ಲಬೇಕೆಂದೇ ಮಾಡಿದೆ. ಇದೊಂದರಲ್ಲಿ ನನ್ನನ್ನು ಸೋಲಿಸಿ, ಕೈಮುಗಿದು ಕೇಳುತ್ತೇನೆ. ಆದರೆ ಮನೆಯಲ್ಲಿ ಕೂತಲ್ಲ, ಡಾಕ್ಟರ ಮುಂದೆ ಸೋಲಿಸಿ.

ಓದಿದ್ದು ಸಾಕು. ಏಳಿ, ಅಂಗಿ ಹಾಕಿಕೊಳ್ಳಿ. ಮೆಟ್ಟಿಲು ಇಳಿಯುವಾಗ ಆಶಿಶನ ಕೈ ಹಿಡಿದುಕೊಳ್ಳಿ, ನಾಚಿಕೆ ಬೇಡ.

ನಿಮಗೆ ನನ್ನ ಆಯುಷ್ಯವೂ ಸೇರಲಿ ಎಂದು ಬೇಡುತ್ತಾ, ದಾರಿಯಲ್ಲಿರುವ
ಸುಮಿತ್ರ