ಸವತಿಯನ್ನು ಗಾಡಿಯಿಂದ ಇಳಿಸಿದ ಬಗೆ

ಸೋಮವಾರ, ಬೆಳಿಗ್ಗೆ
ನರ್ಸರಿಯ ಹಿಂದಿನ ಶೆಡ್ಡಿನಿಂದ

ಪೆಟ್ರೋಲ್ ಪ್ರಿಯರಾದ ಯಜಮಾನರಿಗೆ,

ಉಗುರಿನ ಸಂದಿಯಲ್ಲೆಲ್ಲ ಗ್ರೀಸ್ ತುಂಬಿಕೊಂಡ ನಿಮ್ಮ ಹೆಂಡತಿಯ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ, ಅತ್ತೆ ನನಗಿಂತ ಚೆನ್ನಾಗಿದ್ದಾರೆ. ಈಗ ಎಲ್ಲಾದರೂ ಕುಳಿತುಕೊಳ್ಳಿ. ಕುಳಿತಿರಾ? ನಿಮ್ಮ ಪಿಕಪ್ಪಿಗೆ ಡೀಸೆಲ್ ಎಂಜಿನ್ ಹಾಕಿಬಿಟ್ಟಿದ್ದೇನೆ!

ಹಾಕಿಸಿದ್ದೇನೆ ಎನ್ನುತ್ತಿಲ್ಲ, ನೋಡಿ. ಹಾಕಿದ್ದೇನೆ. ಸ್ಪ್ಯಾನರ್ ಹಿಡಿದ ಕೈ ನನ್ನದು, ಬೆಸುಗೆ ಕಿಡಿಯಕ್ಕನದು, ಉಸ್ತುವಾರಿ ನಿಮ್ಮ ಅಮ್ಮನದು. ಕಿಡಿಯಕ್ಕ ನಿಮಗೆ ಗೊತ್ತಿಲ್ಲ. ನೀವು ಹೋದ ಮೇಲೆ ಬೀದಿಯ ಕೊನೆಯಲ್ಲಿ ಗೇಟು, ಕಿಟಕಿ ಸರಳು ಮಾಡುವ ಅಂಗಡಿ ಇಟ್ಟವರು. ಅವರ ಸೆರಗಿನ ತುಂಬ ಸುಟ್ಟ ತೂತುಗಳು, ಅದಕ್ಕೇ ಆ ಹೆಸರು.

ಯಾಕೆ ಹಾಕಿದೆ ಎಂದು ನೀವು ಕೇಳುವಂತಿಲ್ಲ. ಮಣ್ಣು, ಕುಂಡ, ಗಿಡ ಹೇರಿಕೊಂಡು ಗುಡ್ಡದ ಮನೆಗಳಿಗೆ ಹೊರಟರೆ ಅರ್ಧ ಏರಿಗೇ ನಿಮ್ಮ ಪೆಟ್ರೋಲ್ ಎಂಜಿನ್ ಕೈಕಾಲು ಬಿಡುತ್ತಿತ್ತು. ನೀವು ಕಾರ್ಬುರೇಟರ್ ಬಿಚ್ಚಿ, ಊದಿ, ಮಗುವಿನ ಮೂಗು ಒರೆಸುವ ಹಾಗೆ ಒರೆಸಿ ಜೋಡಿಸುತ್ತಿದ್ದಿರಿ. ನಾನು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಿಂತಿರುತ್ತಿದ್ದೆ. ಡೀಸೆಲ್ ಎಂಜಿನ್ ಹಾಕೋಣ ಎಂದು ನಾನು ಅಂದರೆ, ಅಂಥ ಗಾಡಿಯಲ್ಲಿ ನಾನು ಕೂರೋದೇ ಇಲ್ಲ ಅಂತ ನಿಮ್ಮ ಹಟ. ನಿಮಗೆ ನನಗಿಂತ ಆ ಎಂಜಿನ್ನೇ ಹೆಚ್ಚಾಯ್ತಾ ಅಂತ ನಾನು ಕೇಳಿದ್ದಕ್ಕೆ ಹೌದು ಎಂದುಬಿಟ್ಟಿರಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ನಾವು ಉಂಡೆವು, ಮಲಗಿದೆವು, ಬೆಳಿಗ್ಗೆ ಎದ್ದು ನೋಡಿದರೆ ನಿಮ್ಮ ಚಪ್ಪಲಿ ಇರಲಿಲ್ಲ. ಕೆಳಗಿನ ಪಟ್ಟಣದ ಕಾರ್ಖಾನೆಯಲ್ಲಿ ಗಾಡಿ ರಿಪೇರಿಗೆ ಸೇರಿದ್ದೀರಿ ಎಂಬುದನ್ನೂ ಅತ್ತೆಯ ಬಾಯಿಂದ ಕೇಳಬೇಕಾಯಿತು. ಹೆಚ್ಚಾದವಳನ್ನಾದರೂ ಜೊತೆಗೆ ಕರೆದುಕೊಂಡು ಹೋಗಬೇಕಿತ್ತು. ಅವಳನ್ನೂ ನನ್ನ ತಲೆಗೇ ಕಟ್ಟಿದಿರಿ. ಅಂದಿನಿಂದ ನಾನೂ ಅತ್ತೆಯೂ ಆ ಎಂಜಿನ್ನನ್ನು ಕರೆಯುವುದೇ ಸವತಿ ಎಂದು.

ಸವತಿ ಎಣ್ಣೆ ಕುಡಿದು, ಹೊಗೆ ಬಿಟ್ಟು, ಕೊನೆಗೆ ಮಾತೇ ನಿಲ್ಲಿಸಿದಳು. ಗುಜರಿಯಲ್ಲಿ ಬ್ರೆಡ್ಡಿನ ವ್ಯಾನೊಂದು ಮುಖ ಜಜ್ಜಿಸಿಕೊಂಡು ಬಿದ್ದಿತ್ತು. ಮುಖವಷ್ಟೇ ಹಾಳು, ಎಂಜಿನ್ ಗಟ್ಟಿ. ಸವತಿಯನ್ನು ಬಿಚ್ಚಿ ತೆಗೆದು, ಈ ಡೀಸೆಲ್ ಎಂಜಿನ್ ತಂದು ಚೈನಿನಲ್ಲಿ ತೂಗುಹಾಕಿದಾಗ ಶೆಡ್ಡಿನ ತೊಲೆ ಕಿರ್ ಎಂದಿತು. ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ ಅಂತ ಅತ್ತೆ ಅಂದರು. ನಿಜವೇ. ಇಳಿಸಿದ ಕೂಡಲೇ ಗಾಡಿಯ ಮೂತಿ ನೆಲ ಮೂಸುವಂತೆ ಬಾಗಿತು. ಮುಂದಿನ ಸ್ಪ್ರಿಂಗ್ ಬದಲಿಸಿದೆವು. ಎಂಜಿನ್ನಿನ ಹೊಟ್ಟೆ ಗಾಡಿಯ ಅಡ್ಡಪಟ್ಟಿಗೆ ತಾಗಿತು, ಅದರ ತಳದ ಎಣ್ಣೆಯ ತಟ್ಟೆ ಕತ್ತರಿಸಿ ಕಿಡಿಯಕ್ಕ ಹೊಸದಾಗಿ ಬೆಸೆದರು. ಎಂಜಿನ್ನಿನ ತೂತೇ ಒಂದು ಕಡೆ, ಗೇರ್‌ಬಾಕ್ಸಿನ ತೂತೇ ಒಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸಂಸಾರ. ನಡುವೆ ದಪ್ಪ ಕಬ್ಬಿಣದ ಹಲಗೆಯಿಟ್ಟು, ಎರಡಕ್ಕೂ ಬೇಕಾದ ಹಾಗೆ ತೂತು ಕೊರೆದು, ಬೋಲ್ಟ್ ಬಿಗಿದೆವು. ಮೊದಲ ಸಲ ಕೊರೆದದ್ದು ಕೂದಲೆಳೆಯಷ್ಟು ತಪ್ಪಿತು. ನಾನು ಅತ್ತೆ. ಅತ್ತೆ ಬೈದರು. ಕಿಡಿಯಕ್ಕ ಇನ್ನೊಂದು ಹಲಗೆ ತಂದರು.

ಆಮೇಲೆ ಸ್ಟಾರ್ಟ್ ಮಾಡಿದ ಸಂಭ್ರಮ! ಎಂಜಿನ್ ಒಳಗೆ ಬೆಚ್ಚಗಾಗುತ್ತಿದೆ ಎಂದು ತೋರಿಸುವ ದೀಪ ಆರುವ ತನಕ ಕಾಯಬೇಕು ಎಂಬುದು ನನಗೆ ಹೊಸದು. ಕಾದೆ. ಆರಿತು. ಕೀಲಿ ತಿರುಗಿಸಿದೆ. ಎರಡು ಸಲ ಗೊರಗೊರ ಎಂದದ್ದು ಮೂರನೆಯದಕ್ಕೆ ಗುಡುಗಿಬಿಟ್ಟಿತು! ಶೆಡ್ಡಿನ ತಗಡು ಕುಣಿಯಿತು, ಸಾಲಾಗಿಟ್ಟ ಖಾಲಿ ಕುಂಡಗಳು ಒಂದಕ್ಕೊಂದು ತಾಗಿ ಟಣಟಣ ಎಂದವು, ನಾನು ಸ್ಟೀರಿಂಗ್ ತಬ್ಬಿಕೊಂಡು ಕಿರುಚಿದೆ. ಹುಚ್ಚಿಯ ಹಾಗೆ ಕಿರುಚಿದೆ. ಮದುವೆಯ ದಿನವೂ ನಾನು ಅಷ್ಟು ಖುಷಿಪಟ್ಟಿರಲಿಲ್ಲ, ಬೇಜಾರಾಗಬೇಡಿ.

ಸಾಕಷ್ಟು ಕುಣಿದಾದ ಮೇಲೆ ಕೀಲಿ ತಿರುಗಿಸಿ ಆಫ್ ಮಾಡಿದೆ. ಎಂಜಿನ್ ನಿಲ್ಲಲಿಲ್ಲ. ಕೀಲಿ ಕಿತ್ತು ಕೈಯಲ್ಲಿ ಹಿಡಿದೆ. ನಿಲ್ಲಲಿಲ್ಲ. ಬ್ಯಾಟರಿಯ ತಂತಿ ಬಿಚ್ಚಿದರೂ ನಿಲ್ಲಲಿಲ್ಲ! ನಗಬೇಡಿ. ಜೀವಮಾನವೆಲ್ಲ ಪೆಟ್ರೋಲ್ ಗಾಡಿ ಓಡಿಸಿದವಳು ನಾನು. ಕಿಡಿ ನಿಂತರೆ ಎಂಜಿನ್ ನಿಲ್ಲುತ್ತದೆ ಎಂಬುದಷ್ಟೇ ಗೊತ್ತು. ಇದಕ್ಕೆ ಕಿಡಿಯೇ ಇಲ್ಲವಲ್ಲ! ಎಣ್ಣೆ ತಡೆಯಲು ಎಳೆಯುವ ತಂತಿಯೊಂದಿತ್ತಂತೆ, ಅದನ್ನು ನಾವು ಗುಜರಿಯಲ್ಲೇ ಬಿಟ್ಟು ಬಂದಿದ್ದೆವು. ನನ್ನ ಜೀವ ಬಾಯಿಗೆ ಬಂತು. ಅತ್ತೆಯೋ, ಬಾಯಿ ಮುಚ್ಚಿಸೋಕೆ ಗೊತ್ತಿಲ್ಲದ ಮೇಲೆ ಯಾಕೆ ಮಾತಾಡಿಸಿದ್ರಿ ಅಂತ ಗದರಿದರು. ಅದನ್ನು ಕೇಳಿದ್ದೇ ಕಿಡಿಯಕ್ಕ ಅಡುಗೆಮನೆಗೆ ಓಡಿ, ತರಕಾರಿ ಹೆಚ್ಚುವ ಹಲಗೆ ತಂದು, ಗಾಳಿ ಎಳೆಯುವ ಬಾಯಿಗೆ ಒತ್ತಿ ಹಿಡಿದರು. ಉಸಿರು ಕಟ್ಟಿ, ಮೈಯೆಲ್ಲ ಅದುರಿ, ನಿಂತಿತು. ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗುತ್ತಾ ನಗುತ್ತಾ ನನಗೆ ನಿಮ್ಮ ನೆನಪಾಗಿ ಅಳು ಬಂತು. ಹೊಗೆ ಕಣ್ಣಿಗೆ ಬಿತ್ತು ಎಂದೆ. ಅತ್ತೆ ನಂಬಲಿಲ್ಲ.

ಹೇಳಿಬಿಡುತ್ತೇನೆ. ಸವತಿಯನ್ನು ಗುಜರಿಗೆ ಹಾಕಿಲ್ಲ. ತೊಳೆದು, ಎಣ್ಣೆ ಸವರಿ, ಹಳೆಯ ಹೊದಿಕೆ ಸುತ್ತಿ ಶೆಡ್ಡಿನ ಮೂಲೆಯಲ್ಲಿ ಇಟ್ಟಿದ್ದೇನೆ. ನೀವು ಪ್ರೀತಿಸಿದ್ದನ್ನು ತೂಕಕ್ಕೆ ಹಾಕಲು ನನ್ನ ಕೈ ಏಳಲಿಲ್ಲ.

ಇನ್ನು ಒಂದೇ ಕೆಲಸ ಬಾಕಿ, ಬ್ರೇಕ್. ಪೆಟ್ರೋಲ್ ಎಂಜಿನ್ ತಾನೇ ಗಾಳಿ ಹೀರಿ ಬ್ರೇಕಿಗೆ ಬಲ ಕೊಡುತ್ತಿತ್ತು, ಡೀಸೆಲ್ಲಿಗೆ ಬೇರೆ ಪಂಪು ಬೇಕು ಎಂದು ತಡವಾಗಿ ತಿಳಿಯಿತು. ಮೊದಲ ಸಲ ಬೀದಿಗಿಳಿಸಿದಾಗ ಪೆಡಲ್ ಕಲ್ಲಿನಂತಿತ್ತು. ದರ್ಜಿಯ ಗೋಡೆಗೆ ಒಂದು ಗೇಣು ಉಳಿದಿತ್ತು, ಅಷ್ಟೇ. ಇದು ನಮ್ಮ ಕೈಲಾಗುವ ಕೆಲಸವಲ್ಲ. ಬಿಡುವಾದಾಗ ಒಂದು ಸಲ ಬಂದು ನೋಡಿಕೊಟ್ಟು ಹೋಗಿ. ಡೀಸೆಲ್ ಗಾಡಿಯಲ್ಲಿ ಕೂರುವುದೇನೂ ಬೇಡ, ಕೆಳಗೆ ಮಲಗಿ ನೋಡಿದರೆ ಸಾಕು.

ಏನಾದರೂ ಉತ್ತರ ಬರೆಯಿರಿ. ಬೈದಾದರೂ ಬರೆಯಿರಿ.

ಗ್ರೀಸ್ ಹತ್ತಿದರೂ ಇನ್ನೂ ನಿಮ್ಮವಳೇ ಆದ,
ನರ್ಸರಿಯವಳು

ತಾ.ಕ.: ಅಕ್ಷರ ಕುಣಿದಿದ್ದರೆ ತಪ್ಪು ಎಂಜಿನ್ನಿನದು. ಇದನ್ನು ಸ್ಟೀರಿಂಗ್ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೆ. ಬ್ರೇಕಿನ ಪಂಪನ್ನು ಕಿಡಿಯಕ್ಕನೂ ನಾನೂ ಹೋದ ವಾರವೇ ಕೂಡಿಸಿಯಾಗಿದೆ. ಇಲ್ಲದಿದ್ದರೆ ಇಡೀ ಗುಡ್ಡ ಇಳಿದು ನಿಮ್ಮ ಕಾರ್ಖಾನೆಯ ಗೇಟಿನ ತನಕ ಹೇಗೆ ಬರುತ್ತಿದ್ದೆ? ಅಂಚೆಗೆ ಹಾಕಲೆಂದೇ ಮನೆ ಬಿಟ್ಟವಳು, ಅಂಚೆ ಡಬ್ಬಿಯ ಮುಂದೆ ಬ್ರೇಕ್ ಒತ್ತಲು ಮನಸ್ಸಾಗಲಿಲ್ಲ. ಬ್ರೇಕ್ ಕೆಟ್ಟಿದೆ ಎಂದರೆ ಮೆಕ್ಯಾನಿಕ್ ಬರುತ್ತಾನೆ, ಕೆಲಸ ಮುಗಿಸಿ ಹೋಗುತ್ತಾನೆ. ನನಗೆ ಬೇಕಿರುವುದು ಹೋಗದ ಮನುಷ್ಯ. ಕಾವಲುಗಾರ ಈ ಕಾಗದ ತಂದುಕೊಡುವ ಹೊತ್ತಿಗೆ ಹೊರಗಿನ ಗುಡುಗು ನಿಮಗೆ ಕೇಳಿಸಿರುತ್ತದೆ. ಅತ್ತೆ ನಡುವಿನ ಸೀಟಿಗೆ ಸರಿದು ಕೂತಿದ್ದಾರೆ, ಕಿಟಕಿಯ ಪಕ್ಕ ಖಾಲಿ ಇದೆ. ಬರುವುದಿಲ್ಲ ಎಂದಾದರೆ ದಯವಿಟ್ಟು ಒಳಗಿನಿಂದ ಕೈಯಾಡಿಸಬೇಡಿ, ನಾನು ಅದನ್ನೂ ‘ತಡಿ, ಬಂದೆ’ ಎಂದೇ ತಿಳಿದುಕೊಳ್ಳುತ್ತೇನೆ.