ಗೇಣುದ್ದ ಇಳಿಯುವ ಸ್ಪ್ರಿಂಗು

ಹಗುರೂರು, ಚಂದ್ರಲೋಕ.
ಊರು ಕಟ್ಟಿದ ಮೇಲಿನ ಎರಡು ಸಾವಿರದ ಏಳನೇ ಹಗಲು.

ಚಿಂತಾಮಣಿಯ ಮುನಿಲಕ್ಷ್ಮಮ್ಮಜ್ಜಿಗೆ ಪಿಳ್ಳಮ್ಮನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಒಂದು ಹಗಲು ನಿಮ್ಮ ಹದಿನೈದು ದಿನದಷ್ಟು ಉದ್ದ. ಎಷ್ಟೋ ತಲೆಮಾರು ಹಿಂದಕ್ಕೆ, ನಿಮ್ಮ ಕಾಲಕ್ಕೆ ಬರೆಯುತ್ತಿರುವ ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವೀಗ ಚೊಚ್ಚಲ ಬಾಣಂತಿ, ನನಗೋ ಎಪ್ಪತ್ತು ದಾಟಿದೆ. ಆದರೂ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ, ಅಜ್ಜಿ ಅನ್ನದೆ ವಿಧಿಯಿಲ್ಲ.

ಇಲ್ಲಿ ನೆಲ ನಮ್ಮನ್ನು ಎಳೆಯುವುದು ನಿಮ್ಮ ಭೂಮಿಯ ಆರರಲ್ಲೊಂದು ಪಾಲು. ನಿಮ್ಮಲ್ಲಿ ಇಬ್ಬರು ಹಿಡಿದೆತ್ತುವ ನೀರಿನ ಹಂಡೆಯನ್ನು ಈ ಮುದುಕಿ ಒಬ್ಬಳೇ ಹೊತ್ತು ನಡೆಯುತ್ತಾಳೆ. ತಟ್ಟನೆ ನಿಲ್ಲಹೋದರೆ ಮಾತ್ರ ಹಂಡೆ ನನ್ನನ್ನೇ ದೂಡುತ್ತದೆ. ತೂಕ ಇಳಿದರೂ ಒಳಗಿನ ಸರಕು ಇಳಿಯುವುದಿಲ್ಲವಲ್ಲ! ಅಂಗಡಿಯಲ್ಲಿ ಅಕ್ಕಿ ಕೊಳ್ಳುವಾಗ ಇಳೆದೂಕವೋ ಹಗುರುದೂಕವೋ ಎಂದು ಮೊದಲೇ ಕೇಳಬೇಕು. ಇಳೆದೂಕವೆಂದರೆ ಅದೇ ಅಕ್ಕಿ ಭೂಮಿಯಲ್ಲಿ ತೂಗುವಷ್ಟು. ಕೇಳದವರಿಗೆ ಮೂರು ನಾಮ ಗ್ಯಾರಂಟಿ.

ನನ್ನ ಮಗಳು ಮಂದಾಕಿನಿಗೆ ಎಂಟು ತಿಂಗಳಿಗೇ ಹೆರಿಗೆಯಾಯಿತು. ಕೂಸಿಗೆ ನಿದ್ದೆಯಿಲ್ಲ. ಅತ್ತು ಅತ್ತು ಸೋತು, ಹಾಲು ಚೀಪುವ ತ್ರಾಣವೂ ಹೋಯಿತು. ಹೀಗೇ ಆದರೆ ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ನನ್ನ ಜೀವ ಬಾಯಿಗೆ ಬಂತು. ಇಲ್ಲಿ ಹಗ್ಗದ ತೊಟ್ಟಿಲು ಶುದ್ಧ ಸೋಮಾರಿ: ನಿಮ್ಮದು ಐದು ಸಲ ತೂಗುವಷ್ಟರಲ್ಲಿ ನಮ್ಮದು ಎರಡು ಸಲ. ನಿಮ್ಮ ಕಾಲದಿಂದ ಬಂದ ಜೋಗುಳ ಹಾಡಿದರೆ, ಸಾಲು ಮುಗಿದರೂ ತೊಟ್ಟಿಲು ಇನ್ನೂ ಆಚೆಗೇ ಹೋಗುತ್ತಿರುತ್ತದೆ.

ಆಗ ನೆನಪಾಯಿತು, ನೀವು ಸಂತೆಯಲ್ಲಿ ಕೊಂಡ ತೊಟ್ಟಿಲ ಸ್ಪ್ರಿಂಗು. ಎಣ್ಣೆ ಸವರಿ, ಬಟ್ಟೆ ಸುತ್ತಿ, ತಲೆಮಾರುಗಳು ಇಲ್ಲಿಯವರೆಗೆ ತಂದಿದ್ದವು. ತೊಟ್ಟಿಲಿಗೆ ಸಿಕ್ಕಿಸಿ ಕೂಸನ್ನು ಮಲಗಿಸಿದರೆ, ಭೂಮಿಯಲ್ಲಿ ಗೇಣುದ್ದ ಇಳಿಯುವ ಸ್ಪ್ರಿಂಗು ಇಲ್ಲಿ ಎರಡು ಬೆರಳು ಇಳಿಯಿತಷ್ಟೆ. ಇದಕ್ಕೆ ಮಗು ಮಲಗಿದ್ದೇ ಗೊತ್ತಾಗಿಲ್ಲ ಎಂದು ಅಳಿಯ ನಕ್ಕ. ನಾನು ಮೆಲ್ಲಗೆ ಎಳೆದು ಬಿಟ್ಟೆ.

ಅಬ್ಬಾ ಅಜ್ಜಿ, ಮೈ ಜುಮ್ಮೆಂದಿತು! ಅದು ಸೋಮಾರಿಯಾಗಲಿಲ್ಲ. ಇದೇ ಕೂಸು ನಿಮ್ಮ ಮನೆಯಲ್ಲಿದ್ದರೆ ಎಷ್ಟು ಬೇಗ ಕುಣಿಯುತ್ತಿತ್ತೋ ಇಲ್ಲೂ ಅಷ್ಟೇ ಬೇಗ ಕುಣಿಯಿತು. ಎಷ್ಟು ಇಳಿಯಬೇಕೆಂದು ಹೇಳುವುದು ನೆಲ. ಎಷ್ಟು ಬೇಗ ಕುಣಿಯಬೇಕೆಂದು ಹೇಳುವುದು ಸ್ಪ್ರಿಂಗಿನ ಬಿಗಿ ಮತ್ತು ಕೂಸಿನ ಮೈ, ಅದರಲ್ಲಿ ಚಂದ್ರ ಬಾಯಿ ಹಾಕುವಂತಿಲ್ಲ. ನಿಮ್ಮ ಜೋಗುಳ ತಾಳಕ್ಕೆ ಸರಿಯಾಗಿ ಕೂತಿತು. ಹಾಡುತ್ತಾ ಹಾಡುತ್ತಾ ನಾನೇ ಅತ್ತುಬಿಟ್ಟೆ, ಕೂಸು ಮಲಗಿತು.

ಒಂದೇ ಕೋರಿಕೆ. ನಿಮ್ಮ ಭಾವನ ಮಕ್ಕಳು ಆ ಸ್ಪ್ರಿಂಗಿಗೆ ಜೋತುಬೀಳಲು ಬರುತ್ತಾರೆ. ದಾಕ್ಷಿಣ್ಯ ನೋಡದೆ ಬೈದು ಓಡಿಸಿ. ಮಿತಿಯೊಳಗೆ ಎಳೆದರೆ ಅದು ಎಷ್ಟು ಕಾಲವಾದರೂ ತನ್ನ ಅಳತೆಗೆ ಮರಳುತ್ತದೆ. ಮಿತಿ ಮೀರಿದರೆ ಮತ್ತೆ ಮೊದಲಿನಂತಾಗದು. ನೀವು ಬೈದೇ ಇರುತ್ತೀರಿ, ಇಲ್ಲದಿದ್ದರೆ ಇದು ಇಲ್ಲಿ ಹೀಗೆ ಕುಣಿಯುತ್ತಿರಲಿಲ್ಲ. ಆದರೂ ಹೆತ್ತ ಕರುಳು, ಹೆದರಿ ಬರೆಯುತ್ತಿದ್ದೇನೆ.

ಕೂಸು ಎದ್ದಿತು ಅಜ್ಜಿ. ಹಾಲು ಚೀಪುವ ಸದ್ದು ಇಲ್ಲಿಯವರೆಗೂ ಕೇಳುತ್ತಿದೆ.